ಮಕಾವು: ನೆಲ, ಜನ, ಸರ್ಕಾರ – ಪದೇ ಪದೇ ಕೇಳುವ ಪ್ರಶ್ನೆಗಳು

ಮಕಾವು ಅಂದ ಕೂಡಲೇ ಜೂಜಿನ ಮಾತು ಬರುತ್ತದೆ. ಅದು ಸುಳ್ಳಲ್ಲ. ಆದರೆ ಮಾತು ಅಲ್ಲಿಗೇ ನಿಂತರೆ ಆ ಊರಿಗೆ ಅನ್ಯಾಯ. ಜೂಜು ಅಲ್ಲಿಗೆ ಯಾಕೆ ಬಂತು, ಅಷ್ಟು ಸಣ್ಣ ಜಾಗದಲ್ಲಿ ಲಕ್ಷಗಟ್ಟಲೆ ಜನ ಹೇಗೆ ಬದುಕುತ್ತಾರೆ, ಚೀನಾದ ಒಳಗಿದ್ದೂ ಬೇರೆ ಕಾನೂನು, ಬೇರೆ ದುಡ್ಡು ಹೇಗೆ ಸಾಧ್ಯ – ಇವೆಲ್ಲ ಒಂದಕ್ಕೊಂದು ಹೆಣೆದುಕೊಂಡಿವೆ. ಆ ಹೆಣಿಗೆಯ ಮೊದಲ ಎಳೆ ನದಿ ಹೊತ್ತು ತರುವ ಹೂಳಿನಲ್ಲಿದೆ. ಹಾಗಾಗಿ ಮೊದಲು ನೆಲ, ಆಮೇಲೆ ಜನ, ಆಮೇಲೆ ಸರ್ಕಾರ.

ಮಕಾವು ಎಲ್ಲಿದೆ?

ದಕ್ಷಿಣ ಚೀನಾದಲ್ಲಿ, ಪರ್ಲ್ ನದಿಯ ಅಳಿವೆಯ ಪಶ್ಚಿಮ ದಡದಲ್ಲಿ. ಅದೇ ಅಳಿವೆಯ ಪೂರ್ವ ದಡದಲ್ಲಿ ಹಾಂಗ್‌ಕಾಂಗ್ ಇದೆ. ಎರಡರ ನಡುವೆ ಸುಮಾರು 60 ಕಿಲೋಮೀಟರ್ ದೂರ. ಉತ್ತರಕ್ಕೆ ಗುವಾಂಗ್‌ಡಾಂಗ್ ಪ್ರಾಂತ್ಯದ ಝುಹಾಯ್ ನಗರ ಒತ್ತಿಕೊಂಡೇ ಇದೆ. ಈ ಕಡೆಯ ಬೀದಿ ಮುಗಿದಲ್ಲಿ ಗಡಿ ಬಾಗಿಲು, ಬಾಗಿಲಾಚೆ ಝುಹಾಯ್‌ನ ಬೀದಿ. ನಡುವೆ ಬಯಲಿಲ್ಲ, ಹೊಲವಿಲ್ಲ.

ಎಷ್ಟು ದೊಡ್ಡ ಊರು?

ಈಗ ಸುಮಾರು 33 ಚದರ ಕಿಲೋಮೀಟರ್. "ಈಗ" ಅಂದದ್ದು ಸುಮ್ನೆ ಅಲ್ಲ. 1912ರಲ್ಲಿ ಇದು ಬರೀ 11.6 ಚದರ ಕಿಲೋಮೀಟರ್ ಇತ್ತು. ಉಳಿದಿದ್ದೆಲ್ಲ ಆಮೇಲೆ ಸಮುದ್ರಕ್ಕೆ ಮಣ್ಣು ಸುರಿದು ಮಾಡಿದ ನೆಲ. ನೂರು ಚಿಲ್ಲರೆ ವರ್ಷದಲ್ಲಿ ಊರು ಸುಮಾರು ಮೂರು ಪಟ್ಟು ಬೆಳೆದಿದೆ, ಅದೂ ಯಾರ ಜೊತೆಗೂ ಯುದ್ಧ ಮಾಡದೆ.

ಊರಲ್ಲಿ ಮೂರು ಹಳೆಯ ಭಾಗಗಳಿವೆ. ಒಂದು, ಚೀನಾದ ನೆಲಕ್ಕೆ ಅಂಟಿದ ಮಕಾವು ಪರ್ಯಾಯ ದ್ವೀಪ. ಹಳೆಯ ಪೇಟೆ, ಚರ್ಚುಗಳು, ಸರ್ಕಾರಿ ಕಟ್ಟಡಗಳು, ಬಹುಪಾಲು ಜನರ ಮನೆಗಳು ಇಲ್ಲೇ ಇವೆ. ಉತ್ತರದ ಗಡಿ ಬಾಗಿಲಿನಿಂದ ದಕ್ಷಿಣದ ತುದಿಯ ಆ-ಮಾ ಗುಡಿಯವರೆಗೆ ಆರಾಮಾಗಿ ನಡೆದುಕೊಂಡು ಹೋಗಬಹುದು. ಎರಡು, ತೈಪಾ ದ್ವೀಪ. ಮೂರು, ಕೊಲೊವಾನ್ ದ್ವೀಪ. ತೈಪಾ ಮತ್ತು ಕೊಲೊವಾನ್ ನಡುವಿನ ಸಮುದ್ರವನ್ನು ತುಂಬಿಸಿ ಮಾಡಿದ ಹೊಸ ಬಯಲಿಗೆ ಎರಡೂ ಹೆಸರು ಕೂಡಿಸಿ "ಕೊತಾಯ್" ಅಂತ ಹೆಸರಿಟ್ಟರು. ಪೋಸ್ಟರುಗಳಲ್ಲಿ ಕಾಣುವ ಭಾರೀ ಹೋಟೆಲುಗಳು ನಿಂತಿರುವುದು ಈ ಕೊತಾಯ್ ಮೇಲೆ. ಅಂದರೆ ಈಗ ತೈಪಾ, ಕೊಲೊವಾನ್ ಬೇರೆ ಬೇರೆ ದ್ವೀಪಗಳಾಗಿ ಉಳಿದಿಲ್ಲ.

ಅತಿ ಎತ್ತರದ ಜಾಗ ಕೊಲೊವಾನ್ ಗುಡ್ಡ, ಸುಮಾರು 170 ಮೀಟರ್. ಹಸಿರು ಅಂತ ಉಳಿದಿರುವುದು ಬಹುತೇಕ ಅಲ್ಲೇ.

ಸಮುದ್ರವನ್ನು ಇಷ್ಟು ಸಲೀಸಾಗಿ ತುಂಬಿಸೋಕೆ ಆಗಿದ್ದು ಹೇಗೆ?

ಇಲ್ಲೇ ಹೂಳಿನ ಕಥೆ ಬರುತ್ತದೆ. ಪರ್ಲ್ ನದಿಯ ಕವಲುಗಳು ಹೊತ್ತು ತರುವ ಮಣ್ಣು ಅಳಿವೆಯ ಪಶ್ಚಿಮ ಬದಿಯಲ್ಲಿ ಜಾಸ್ತಿ ಕೂರುತ್ತದೆ. ಮಕಾವು ಸುತ್ತಲಿನ ನೀರು ಕಂದು, ಆಳ ಕಡಿಮೆ. ಮೊದಲು ಮಕಾವು ಕೂಡ ದ್ವೀಪವೇ ಆಗಿತ್ತು. ಮರಳು ಕೂತು ಕೂತು ಒಂದು ದಿಬ್ಬವಾಗಿ, ಆ ದಿಬ್ಬವೇ ಅದನ್ನು ನೆಲಕ್ಕೆ ಸೇರಿಸಿತು. ಗಡಿ ಬಾಗಿಲು ನಿಂತಿರುವುದು ಅದೇ ಕೊರಳಿನಂಥ ಜಾಗದಲ್ಲಿ.

ಇದರಿಂದ ಊರಿಗೆ ಒಂದು ನಷ್ಟ, ಒಂದು ಲಾಭ. ಹಡಗುಗಳು ದೊಡ್ಡದಾಗುತ್ತಾ ಹೋದ ಹಾಗೆ ಆಳವಿಲ್ಲದ ಬಂದರು ಕೆಲಸಕ್ಕೆ ಬಾರದಾಯಿತು. 1842ರಲ್ಲಿ ಹಾಂಗ್‌ಕಾಂಗ್ ಬ್ರಿಟಿಷರ ಕೈ ಸೇರಿತು. ಅಲ್ಲಿ ಆಳವಾದ ಬಂದರಿತ್ತು, ವ್ಯಾಪಾರಿಗಳು ಗಂಟುಮೂಟೆ ಕಟ್ಟಿ ಅಲ್ಲಿಗೆ ಹೊರಟರು. ಮಕಾವಿನ ಖಜಾನೆ ಬರಿದಾಯಿತು. ಆದಾಯಕ್ಕಾಗಿ ಅಲ್ಲಿನ ಪೋರ್ಚುಗೀಸ್ ಆಡಳಿತ 1840ರ ದಶಕದ ಕೊನೆಯ ಹೊತ್ತಿಗೆ ಜೂಜಿಗೆ ಪರವಾನಗಿ ಕೊಡಲು ಶುರು ಮಾಡಿತು. ಅದೇ ಆಳವಿಲ್ಲದ ನೀರು ಮುಂದೆ ನೆಲ ಮಾಡಲು ಅನುಕೂಲವಾಯಿತು. ಬಂದರನ್ನು ಕಿತ್ತುಕೊಂಡ ಹೂಳೇ ಜಾಗವನ್ನು ಕೊಟ್ಟಿತು.

ನೆಲ ಇಷ್ಟಾದರೆ, ಸುತ್ತಲಿನ ಸಮುದ್ರ ಯಾರದು?

ಬಹಳ ಕಾಲ ಮಕಾವಿಗೆ ತನ್ನದು ಅಂತ ಹೇಳಿಕೊಳ್ಳಲು ಸಮುದ್ರವೇ ಇರಲಿಲ್ಲ. ದಡ ಮುಗಿದಲ್ಲಿ ಅಧಿಕಾರವೂ ಮುಗಿಯುತ್ತಿತ್ತು. 2015ರ ಡಿಸೆಂಬರ್‌ನಲ್ಲಿ ಬೀಜಿಂಗ್ ಸರ್ಕಾರ 85 ಚದರ ಕಿಲೋಮೀಟರ್ ಸಮುದ್ರದ ನಿರ್ವಹಣೆಯನ್ನು ಮಕಾವಿಗೆ ವಹಿಸಿತು. ಹೊಸದಾಗಿ ನೆಲ ತುಂಬಿಸಬೇಕಾದರೆ ಬೀಜಿಂಗ್ ಒಪ್ಪಿಗೆ ಬೇಕೇ ಬೇಕು.

ಕುಡಿಯುವ ನೀರು, ಕರೆಂಟು ಎಲ್ಲಿಂದ ಬರುತ್ತದೆ?

ಹೆಚ್ಚೂಕಡಿಮೆ ಎಲ್ಲವೂ ಗಡಿಯಾಚೆಯಿಂದ. ಕುಡಿಯುವ ನೀರಿನ ನೂರಕ್ಕೆ 95ಕ್ಕಿಂತ ಜಾಸ್ತಿ ಪಾಲು ಝುಹಾಯ್ ಮೂಲಕ ಬರುತ್ತದೆ. ಕರೆಂಟಿನ ಬಹುಪಾಲು ಗುವಾಂಗ್‌ಡಾಂಗ್‌ನ ಜಾಲದ್ದು. ಚಳಿಗಾಲದಲ್ಲಿ ನದಿ ಸೊರಗಿದಾಗ ಸಮುದ್ರದ ಉಪ್ಪು ನೀರು ಮೇಲಕ್ಕೆ ನುಗ್ಗುತ್ತದೆ. ಆಗ ಝುಹಾಯ್‌ನ ಕೆರೆ, ಜಲಾಶಯಗಳೇ ಆಸರೆ. ಸ್ವಾಯತ್ತತೆ ಅನ್ನುವ ಪದ ಕೇಳಿದಾಗಲೆಲ್ಲ ನನಗೆ ಈ ಕೊಳಾಯಿ ನೆನಪಾಗುತ್ತದೆ. ಕಾನೂನು ಪುಸ್ತಕ ಏನೇ ಹೇಳಲಿ, ನಲ್ಲಿಯ ಇನ್ನೊಂದು ತುದಿ ಪಕ್ಕದ ಊರಿನಲ್ಲಿದೆ.

ಹವಾಮಾನ ಹೇಗೆ?

ಬೇಸಿಗೆ ಸೆಕೆ, ಮಳೆ, ಮೈಯೆಲ್ಲ ಅಂಟು. ಕರಾವಳಿಯವರಿಗೆ ಹೊಸದೇನಲ್ಲ. ಚಳಿಗಾಲ ಹಿತವಾಗಿ ಒಣಗಿರುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್ ಅತಿ ಒಳ್ಳೆಯ ಕಾಲ.

ದೊಡ್ಡ ಭಯ ಚಂಡಮಾರುತದ್ದು. 2017ರ ಆಗಸ್ಟ್ 23ರಂದು ಹಾತೊ ಚಂಡಮಾರುತ ಬಡಿದು 10 ಜನ ಸತ್ತರು. ಅವರಲ್ಲಿ ಕೆಲವರು ನೆಲಮಾಳಿಗೆಯ ಕಾರ್ ಪಾರ್ಕಿಂಗ್‌ನಲ್ಲಿ ನೀರು ನುಗ್ಗಿ ಸಿಕ್ಕಿಹಾಕಿಕೊಂಡವರು. ಊರಿಗೇ ಕರೆಂಟಿಲ್ಲ, ನೀರಿಲ್ಲ. ಚೀನಾದ ಸೈನಿಕರು ಮೊದಲ ಸಲ ಬ್ಯಾರಕ್ ಬಿಟ್ಟು ಬೀದಿಗಿಳಿದು ಕಸ, ಮರ ಎತ್ತಿದರು. ಮರುವರ್ಷ ಮಾಂಗ್‌ಖುಟ್ ಚಂಡಮಾರುತ ಬಂದಾಗ ಆಡಳಿತ ಎಚ್ಚೆತ್ತಿತ್ತು. ತಗ್ಗಿನ ಮನೆಗಳವರನ್ನು ಮೊದಲೇ ಸ್ಥಳಾಂತರಿಸಿತು, ಕ್ಯಾಸಿನೊಗಳ ಬಾಗಿಲನ್ನೂ ಹಾಕಿಸಿತು. ಪಶ್ಚಿಮ ಬದಿಯ ಹಳೇ ಬಂದರಿನ ಅಂಗಡಿಗಳಿಗೆ ಇವತ್ತಿಗೂ ದೊಡ್ಡ ಉಬ್ಬರ ಬಂದರೆ ನೀರು ನುಗ್ಗುತ್ತದೆ.

"ಮಕಾವು" ಅನ್ನುವ ಹೆಸರು ಹೇಗೆ ಬಂತು?

ಕಡಲಿಗೆ ಹೋಗುವವರನ್ನು ಕಾಯುವ ದೇವತೆ ಮಾತ್ಸು. ಅಲ್ಲಿನವರು ಆಕೆಯನ್ನು ಆ-ಮಾ ಅಂತ ಕರೆಯುತ್ತಾರೆ. ಆಕೆಯ ಗುಡಿ ಇದ್ದ ಕೊಲ್ಲಿಯ ಹೆಸರನ್ನು ಪೋರ್ಚುಗೀಸರು ಕೇಳಿಸಿಕೊಂಡ ಹಾಗೆ ಬರೆದುಕೊಂಡರು, ಅದು ಮಕಾವು ಆಯಿತು ಅನ್ನುವುದು ಎಲ್ಲರೂ ಹೇಳುವ ಮಾತು. ಚೀನೀ ಹೆಸರು ಬೇರೆ. ಮ್ಯಾಂಡರಿನ್‌ನಲ್ಲಿ ಆವ್‌ಮೆನ್, ಕ್ಯಾಂಟನೀಸ್‌ನಲ್ಲಿ ಓಮುನ್. ಕೊಲ್ಲಿಯ ಬಾಗಿಲು ಅಂತ ಅರ್ಥ.

ಎಷ್ಟು ಜನ ಇದ್ದಾರೆ?

2021ರ ಜನಗಣತಿಯಲ್ಲಿ ಸುಮಾರು 6 ಲಕ್ಷ 82 ಸಾವಿರ. ಒಂದು ಚದರ ಕಿಲೋಮೀಟರಿಗೆ 20 ಸಾವಿರಕ್ಕಿಂತ ಜಾಸ್ತಿ ಬಿತ್ತು. ಜಗತ್ತಿನಲ್ಲೇ ಅತಿ ಒತ್ತಾದ ಜಾಗಗಳಲ್ಲಿ ಇದೊಂದು. ಪರ್ಯಾಯ ದ್ವೀಪದ ಉತ್ತರ ಭಾಗದಲ್ಲಿ ಈ ಒತ್ತು ಇನ್ನೂ ಹೆಚ್ಚು. ಅಲ್ಲಿ ಕಿಟಕಿ ತೆರೆದರೆ ಎದುರು ಮನೆಯ ಕಿಟಕಿ.

ಇದರ ಮೇಲೆ ಪ್ರವಾಸಿಗಳು ಬೇರೆ. 2019ರಲ್ಲಿ ಬಂದವರು 3 ಕೋಟಿ 90 ಲಕ್ಷಕ್ಕೂ ಹೆಚ್ಚು. ಊರಿನ ಜನಸಂಖ್ಯೆಯ 50 ಪಟ್ಟಿಗೂ ಜಾಸ್ತಿ. ಸೆನಾಡೊ ಚೌಕದ ಬೀದಿಗಳಲ್ಲಿ ಹಬ್ಬದ ದಿನ ಪೊಲೀಸರು ಹಗ್ಗ ಹಿಡಿದು ಜನರನ್ನು ಒಂದೇ ದಿಕ್ಕಿಗೆ ನಡೆಸಬೇಕಾಗುತ್ತದೆ.

ಅಲ್ಲಿನವರು ಯಾರು? ಪೋರ್ಚುಗೀಸರಾ, ಚೀನೀಯರಾ?

ಹತ್ತರಲ್ಲಿ ಒಂಬತ್ತು ಮಂದಿ ಚೀನೀ ಮೂಲದವರು. ಆದರೆ ಎಲ್ಲರೂ ಮಕಾವಿನಲ್ಲೇ ಹುಟ್ಟಿದವರಲ್ಲ. ಅರ್ಧಕ್ಕಿಂತ ಹೆಚ್ಚು ಜನ ಹೊರಗೆ, ಮುಖ್ಯವಾಗಿ ಗುವಾಂಗ್‌ಡಾಂಗ್, ಫುಜಿಯಾನ್ ಪ್ರಾಂತ್ಯಗಳಲ್ಲಿ ಹುಟ್ಟಿ ಬಂದವರು. ಯುದ್ಧ, ಬರ, ಕ್ರಾಂತಿ, ಮದುವೆ, ಕೆಲಸ – ಒಂದೊಂದು ತಲೆಮಾರಿಗೆ ಒಂದೊಂದು ಕಾರಣ.

ಇನ್ನೊಂದು ದೊಡ್ಡ ಗುಂಪು ಹೊರಗಿನಿಂದ ಪರ್ಮಿಟ್ ಮೇಲೆ ಬಂದ ಕೆಲಸಗಾರರು. ಇವರು ಒಂದೂ ಮುಕ್ಕಾಲು ಲಕ್ಷಕ್ಕಿಂತ ಜಾಸ್ತಿ ಇದ್ದಾರೆ. ಬಹುಪಾಲು ಚೀನಾದವರು, ಆಮೇಲೆ ಫಿಲಿಪ್ಪೀನ್ಸ್, ವಿಯೆಟ್ನಾಂನವರು. ಹೋಟೆಲಿನ ಕೋಣೆ ಒರೆಸುವವರು, ಅಡುಗೆಯವರು, ಮನೆಗೆಲಸದವರು, ಕಟ್ಟಡ ಕಟ್ಟುವವರು ಇವರೇ. ಎಷ್ಟು ವರ್ಷ ದುಡಿದರೂ ಆ ಪರ್ಮಿಟ್ಟಿನಿಂದ ಅವರಿಗೆ ಅಲ್ಲಿ ಕಾಯಂ ನೆಲೆಯ ಹಕ್ಕು ಸಿಗುವುದಿಲ್ಲ. ಬಾಡಿಗೆ ಭರಿಸಲಾಗದೆ ಸಾವಿರಾರು ಜನ ಝುಹಾಯ್‌ನಲ್ಲಿ ಮಲಗಿ ದಿನಾ ಬೆಳಿಗ್ಗೆ ಗಡಿ ದಾಟಿ ಕೆಲಸಕ್ಕೆ ಬರುತ್ತಾರೆ. ಮಕಾವಿನ ಶ್ರೀಮಂತಿಕೆಯ ಬಗ್ಗೆ ಬರೆಯುವವರು ಇವರನ್ನು ಮರೆಯಬಾರದು.

"ಮಕಾನೀಸ್" ಅಂದರೆ ಯಾರು?

ಈ ಪದ ಸಾಮಾನ್ಯವಾಗಿ ಮಕಾವಿನ ಎಲ್ಲರಿಗೂ ಅಲ್ಲ, ಮಿಶ್ರ ಮೂಲದ ಒಂದು ಸಣ್ಣ ಸಮುದಾಯಕ್ಕೆ ಸಲ್ಲುತ್ತದೆ. ಅವರು ತಮ್ಮನ್ನು "ಫಿಲ್ಯುಸ್ ದ ತೆರ್ರಾ" ಅಂತ ಕರೆದುಕೊಳ್ಳುತ್ತಾರೆ, ಅಂದರೆ ಮಣ್ಣಿನ ಮಕ್ಕಳು. ಪೋರ್ಚುಗೀಸ್, ಚೀನೀ, ಮಲಯ, ಜಪಾನೀ, ಗೋವಾ – ಹಡಗು ನಿಂತ ಬಂದರುಗಳ ರಕ್ತವೆಲ್ಲ ಅವರಲ್ಲಿ ಬೆರೆತಿದೆ. ಪೋರ್ಚುಗೀಸ್ ಕಾಲದಲ್ಲಿ ಗುಮಾಸ್ತರು, ದುಭಾಷಿಗಳು, ವಕೀಲರು ಇವರೇ. ಆಳುವವರಿಗೂ ಊರಿನವರಿಗೂ ನಡುವಿನ ಸೇತುವೆ.

ಅವರ ಮನೆಮಾತು ಪತುವಾ. ಪೋರ್ಚುಗೀಸ್ ಬುಡದ ಮೇಲೆ ಮಲಯ, ಕ್ಯಾಂಟನೀಸ್, ಸಿಂಹಳ, ಕೊಂಕಣಿ ಪದಗಳು ಸೇರಿ ಆದ ಭಾಷೆ. 2009ರಲ್ಲಿ ಯುನೆಸ್ಕೊ ಇದನ್ನು ಅಳಿವಿನ ಅಂಚಿನ ಭಾಷೆಗಳ ಪಟ್ಟಿಗೆ ಸೇರಿಸಿತು. ಈಗ ಬಲ್ಲವರು ಕೈಬೆರಳೆಣಿಕೆಯ ಮುದುಕರು. ಕಿರಿಯರು ನಾಟಕ ಆಡಿಸಿ ಉಳಿಸಿಕೊಳ್ಳಲು ನೋಡುತ್ತಿದ್ದಾರೆ. ನಾಲ್ಕು ಶತಮಾನದ ಮಾತು ನಮ್ಮ ಕಣ್ಣೆದುರೇ ಬತ್ತುತ್ತಿದೆ ಅನ್ನುವುದು ನೋವಿನ ಸಂಗತಿ.

ಹಾಗಾದರೆ ಜನ ಯಾವ ಭಾಷೆ ಆಡುತ್ತಾರೆ?

ಮನೆಯಲ್ಲಿ, ಮಾರುಕಟ್ಟೆಯಲ್ಲಿ, ಶಾಸನಸಭೆಯಲ್ಲಿ ಕ್ಯಾಂಟನೀಸ್. ಹತ್ತರಲ್ಲಿ ಎಂಟು ಜನರ ದಿನಬಳಕೆಯ ಮಾತು ಅದೇ. ಅಧಿಕೃತ ಭಾಷೆಗಳು ಚೀನೀ ಮತ್ತು ಪೋರ್ಚುಗೀಸ್. ಪೋರ್ಚುಗೀಸನ್ನು ಮನೆಮಾತಾಗಿ ಆಡುವವರು ನೂರಕ್ಕೆ ಒಬ್ಬರೂ ಇಲ್ಲ. ಆದರೂ ಕಾನೂನುಗಳು ಎರಡೂ ಭಾಷೆಯಲ್ಲಿ ಪ್ರಕಟವಾಗುತ್ತವೆ. ಬೀದಿಯ ಹೆಸರುಗಳು ನೀಲಿ-ಬಿಳಿ ಹೆಂಚಿನ ಫಲಕಗಳ ಮೇಲೆ ಎರಡೂ ಲಿಪಿಯಲ್ಲಿವೆ. ಮ್ಯಾಂಡರಿನ್ ಬಳಕೆ ವರ್ಷದಿಂದ ವರ್ಷಕ್ಕೆ ಏರುತ್ತಿದೆ. ಇಂಗ್ಲಿಷ್ ಹೋಟೆಲು, ವಿಶ್ವವಿದ್ಯಾಲಯಗಳಲ್ಲಿ ನಡೆಯುತ್ತದೆ, ಓಣಿಯ ಚಹಾ ಅಂಗಡಿಯಲ್ಲಿ ಕಷ್ಟ.

ಧರ್ಮ?

ಬೌದ್ಧ, ತಾವೊ, ಜನಪದ ದೇವರುಗಳು ಎಲ್ಲ ಕಲೆತ ಆಚರಣೆ ಹೆಚ್ಚಿನವರದು. ಕ್ಯಾಥೊಲಿಕರು ಕಡಿಮೆ, ಆದರೆ ಶಾಲೆಗಳಲ್ಲಿ, ಸೇವಾಸಂಸ್ಥೆಗಳಲ್ಲಿ ಅವರ ಕೆಲಸ ದೊಡ್ಡದು. 1835ರ ಬೆಂಕಿಯಲ್ಲಿ ಸುಟ್ಟು ಮುಂಗೋಡೆ ಮಾತ್ರ ಉಳಿದ ಸಂತ ಪೌಲರ ಚರ್ಚನ್ನು ನೋಡಲು ಎಲ್ಲರೂ ಹೋಗುತ್ತಾರೆ. ಅದರ ಪಕ್ಕದಲ್ಲೇ ನಾ ತ್ಚಾ ಅನ್ನುವ ಬಾಲದೇವರ ಪುಟ್ಟ ಗುಡಿ ಇದೆ. ಪ್ಲೇಗು ನಿಲ್ಲಲಿ ಅಂತ 1888ರಲ್ಲಿ ಕಟ್ಟಿದ್ದು. ಅದನ್ನೂ ನೋಡಿ ಬನ್ನಿ.

ನಮ್ಮ ಕಡೆಗೂ ಮಕಾವಿಗೂ ಏನಾದರೂ ನಂಟಿದೆಯಾ?

ಇದೆ, ಬಹಳ ಇದೆ. ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು.

ಪೋರ್ಚುಗೀಸರು 1557ರ ಸುಮಾರಿಗೆ ಮಕಾವಿನಲ್ಲಿ ನೆಲೆಯೂರಿದರು. ಅಲ್ಲಿಂದ 1844ರವರೆಗೆ ಅದು ಗೋವಾದಲ್ಲಿ ಕೂತ ಆಡಳಿತದ ಕೆಳಗಿತ್ತು. ಒಂದು ಕಾಲಕ್ಕೆ ಮಂಗಳೂರು, ಬಸ್ರೂರು, ಹೊನ್ನಾವರದ ಪೋರ್ಚುಗೀಸ್ ಕೋಟೆಗಳಿಗೂ ಮಕಾವಿಗೂ ಯಜಮಾನ ಒಬ್ಬನೇ, ಗೋವಾದ ವೈಸ್‌ರಾಯ್. ಗೋವಾ, ಮಲಕ್ಕಾ, ಮಕಾವು, ನಾಗಸಾಕಿ ಅನ್ನುವುದು ಒಂದೇ ಹಡಗುದಾರಿ. ಚೀನಾದ ರೇಷ್ಮೆ ಜಪಾನಿಗೆ, ಜಪಾನಿನ ಬೆಳ್ಳಿ ಚೀನಾಕ್ಕೆ. 1639ರಲ್ಲಿ ಜಪಾನ್ ಪೋರ್ಚುಗೀಸರನ್ನು ಹೊರಹಾಕುವ ತನಕ ಮಕಾವು ಅದರಿಂದಲೇ ಉಂಡು ತೇಗಿತು.

1576ರಲ್ಲಿ ಮಕಾವು ಧರ್ಮಪ್ರಾಂತ್ಯವಾದಾಗ ಅದು ಗೋವಾದ ಆರ್ಚ್‌ಬಿಷಪ್ ಅಧೀನದಲ್ಲಿತ್ತು. ಹಳೇ ಗೋವಾದಲ್ಲಿ ದೇಹವಿರುವ ಸಂತ ಫ್ರಾನ್ಸಿಸ್ ಜೇವಿಯರ್ ತೀರಿಕೊಂಡಿದ್ದು 1552ರಲ್ಲಿ, ಇದೇ ಕಡಲತೀರದ ಒಂದು ದ್ವೀಪದಲ್ಲಿ. ಅವರ ತೋಳಿನ ಎಲುಬಿನ ಒಂದು ತುಂಡು ಇಂದಿಗೂ ಮಕಾವಿನಲ್ಲಿದೆ. ಆ-ಮಾ ಗುಡಿಗೆ ಹತ್ತಿರದ ಏರಿನಲ್ಲಿ ಕಮಾನುಗಳ ಒಂದು ಉದ್ದನೆಯ ಕಟ್ಟಡ ಕಾಣುತ್ತದೆ. 1874ರಲ್ಲಿ ಗೋವಾದಿಂದ ಬಂದ ಭಾರತೀಯ ಸಿಪಾಯಿಗಳಿಗೆ ಕಟ್ಟಿಸಿದ ಬ್ಯಾರಕ್ ಅದು. ಅವರನ್ನು ಅಲ್ಲಿ ಮೂರರು (ಮುಸ್ಲಿಮರಿಗೆ ಪೋರ್ಚುಗೀಸರು ಹೇಳುತ್ತಿದ್ದ ಹೆಸರು) ಅಂತ ಕರೆದು ಕಟ್ಟಡಕ್ಕೂ ಅದೇ ಹೆಸರಾಯಿತು. ಊರಲ್ಲಿ ಪಾರ್ಸಿ ವ್ಯಾಪಾರಿಗಳ ಸ್ಮಶಾನವೂ ಇದೆ. ಮಾಳವದ ಅಫೀಮು ದಮನ್ ಬಂದರಿನಿಂದ ಮಕಾವಿಗೆ ಹೋಗುತ್ತಿದ್ದ ಕಾಲದ ನೆನಪು ಅದು. ಹೆಮ್ಮೆಯ ನೆನಪಲ್ಲ, ಆದರೆ ನಿಜ.

ಅಡುಗೆಮನೆಯ ನಂಟು ಇನ್ನೂ ಗಟ್ಟಿ. ಮಕಾನೀಸ್ ಅಡುಗೆಯಲ್ಲಿ ಒಣ ಸೀಗಡಿಯಂಥ ವಾಸನೆಯ "ಬಾಲಿಶಾವ್" ಇದೆ. ಗೋವಾದ ಬಲ್ಚಾವ್ ಉಂಡವರಿಗೆ ಹೆಸರೇ ಹೇಳಿಬಿಡುತ್ತದೆ, ಅಲ್ವಾ? ಬೆಬಿಂಕವೂ ಇದೆ, ಅರಿಶಿನ, ತೆಂಗಿನ ಹಾಲು ಹಾಕಿದ ಕೋಳಿಯೂ ಇದೆ.

ಮಕಾವು ಪೋರ್ಚುಗೀಸರ ವಸಾಹತಾಗಿತ್ತಾ, ಬಾಡಿಗೆ ಜಾಗವಾಗಿತ್ತಾ?

ಎರಡೂ, ಬೇರೆ ಬೇರೆ ಕಾಲದಲ್ಲಿ. ಮೊದಲ ಮುನ್ನೂರು ವರ್ಷ ಪೋರ್ಚುಗೀಸರು ಚೀನಾಕ್ಕೆ ವರ್ಷಕ್ಕೆ ಸುಮಾರು 500 ತೇಲ್ (ಚೀನೀ ತೂಕದ ಅಳತೆ) ಬೆಳ್ಳಿ ಬಾಡಿಗೆ ಕಟ್ಟುತ್ತಿದ್ದರು. ಚೀನಾದ ಸುಂಕದವರು ಊರೊಳಗೇ ಕೂರುತ್ತಿದ್ದರು. ಅಫೀಮು ಯುದ್ಧದಲ್ಲಿ ಚೀನಾ ಬ್ರಿಟಿಷರಿಗೆ ಸೋತದ್ದು ನೋಡಿ ಗವರ್ನರ್ ಫೆರೈರಾ ದೊ ಅಮರಾಲ್ ಸುಂಕದವರನ್ನು ಓಡಿಸಿದ, ಬಾಡಿಗೆ ನಿಲ್ಲಿಸಿದ. 1849ರಲ್ಲಿ ಆತನನ್ನು ಕೊಂದರು. ಅದಾದ ಮೇಲೆ ಪೋರ್ಚುಗೀಸರು ತೈಪಾ, ಕೊಲೊವಾನ್ ಹಿಡಿದರು. 1887ರ ಒಪ್ಪಂದದಲ್ಲಿ ಚೀನಾ ಅವರ ಆಡಳಿತವನ್ನು ಒಪ್ಪಿಕೊಂಡಿತು.

1966ರ ಡಿಸೆಂಬರ್‌ನಲ್ಲಿ ತೈಪಾದ ಒಂದು ಶಾಲೆ ಕಟ್ಟುವ ವಿಚಾರಕ್ಕೆ ಶುರುವಾದ ಜಗಳ ಗಲಭೆಯಾಗಿ, ಗುಂಡು ಹಾರಿ ಜನ ಸತ್ತರು. ಪೋರ್ಚುಗೀಸ್ ಗವರ್ನರ್ ಕ್ಷಮೆ ಕೇಳಬೇಕಾಯಿತು. ಅಂದಿನಿಂದ ಹೆಸರಿಗೆ ಪೋರ್ಚುಗಲ್, ಮಾತು ನಡೆದಿದ್ದು ಚೀನಾ ಪರ ಸಂಘಟನೆಗಳದು. 1974ರಲ್ಲಿ ಪೋರ್ಚುಗಲ್‌ನಲ್ಲೇ ಕ್ರಾಂತಿಯಾಗಿ ವಸಾಹತುಗಳನ್ನು ಬಿಡಲು ಹೊರಟಾಗ ಚೀನಾ ಕೂಡಲೇ ವಾಪಸ್ ತೆಗೆದುಕೊಳ್ಳಲಿಲ್ಲ. 1987ರ ಏಪ್ರಿಲ್ 13ರಂದು ಎರಡೂ ದೇಶ ಜಂಟಿ ಘೋಷಣೆಗೆ ಸಹಿ ಮಾಡಿದವು. 1999ರ ಡಿಸೆಂಬರ್ 20ರಂದು ಮಕಾವು ಚೀನಾಕ್ಕೆ ಮರಳಿತು.

ಈಗ ಅದು ದೇಶವಾ, ರಾಜ್ಯವಾ?

ಎರಡೂ ಅಲ್ಲ. ಚೀನಾದ "ವಿಶೇಷ ಆಡಳಿತ ಪ್ರದೇಶ". ಇಂಥವು ಎರಡೇ ಇವೆ, ಹಾಂಗ್‌ಕಾಂಗ್ ಮತ್ತು ಮಕಾವು. ಟಿಬೆಟ್, ಶಿಂಜಿಯಾಂಗ್, ಒಳ ಮಂಗೋಲಿಯಾ ಮುಂತಾದ ಐದು "ಸ್ವಾಯತ್ತ ಪ್ರದೇಶ"ಗಳ ಜೊತೆ ಇದನ್ನು ಬೆರೆಸಬೇಡಿ. ಅಲ್ಲೆಲ್ಲ ಚೀನಾದ ಮಾಮೂಲು ಕಾನೂನು, ಯುವಾನ್, ಪಕ್ಷದ ಆಡಳಿತವೇ ನಡೆಯುತ್ತದೆ. ಹೆಸರಲ್ಲಿ ಸ್ವಾಯತ್ತ ಅಂತಿದ್ದರೂ ಮಕಾವಿಗೆ ಇರುವಷ್ಟು ಬೇರೆತನ ಅವಕ್ಕಿಲ್ಲ.

ಮಕಾವಿಗೆ ತನ್ನದೇ ಒಂದು ಸಣ್ಣ ಸಂವಿಧಾನದಂಥ ಮೂಲ ಕಾನೂನು ಇದೆ. 1993ರಲ್ಲಿ ಬೀಜಿಂಗ್‌ನ ಸಂಸತ್ತು ಮಂಜೂರು ಮಾಡಿದ್ದು, ಒಟ್ಟು 145 ಕಲಮುಗಳು. ರಕ್ಷಣೆ, ವಿದೇಶ ವ್ಯವಹಾರ ಬೀಜಿಂಗ್ ಕೈಯಲ್ಲಿ. ಪೊಲೀಸ್, ತೆರಿಗೆ, ಶಾಲೆ, ಆಸ್ಪತ್ರೆ, ಸುಂಕ, ವಲಸೆ, ದುಡ್ಡು ಮಕಾವಿನ ಕೈಯಲ್ಲಿ. ಮಕಾವು ಬೀಜಿಂಗ್‌ಗೆ ತೆರಿಗೆ ಕಟ್ಟುವುದಿಲ್ಲ. ನಾಣ್ಯ ಪಟಾಕ. ಅದು ಹಾಂಗ್‌ಕಾಂಗ್ ಡಾಲರಿಗೆ ಕಟ್ಟಿದ್ದು, 1 ಹಾಂಗ್‌ಕಾಂಗ್ ಡಾಲರಿಗೆ 1.03 ಪಟಾಕ. ವಾಹನಗಳು ನಮ್ಮ ಹಾಗೆ ಎಡಕ್ಕೆ ಓಡುತ್ತವೆ, ಗಡಿಯಾಚೆ ಬಲಕ್ಕೆ. ಚೀನಾದ ಉಳಿದ ಭಾಗದವರೂ ಇಲ್ಲಿಗೆ ಬರಲು ಪರ್ಮಿಟ್ ತರಬೇಕು.

ಆಡಳಿತದ ಮುಖ್ಯಸ್ಥ ಯಾರು? ಹೇಗೆ ಆರಿಸುತ್ತಾರೆ?

ಮುಖ್ಯಸ್ಥರನ್ನು ಮುಖ್ಯ ಕಾರ್ಯನಿರ್ವಾಹಕ ಅನ್ನುತ್ತಾರೆ. ಐದು ವರ್ಷದ ಅವಧಿ, ಸತತ ಎರಡು ಸಲ ಮಾತ್ರ. 400 ಜನರ ಒಂದು ಚುನಾವಣಾ ಸಮಿತಿ ಆರಿಸುತ್ತದೆ, ಬೀಜಿಂಗ್ ನೇಮಿಸುತ್ತದೆ. ಸಾಮಾನ್ಯ ಜನರಿಗೆ ಇದರಲ್ಲಿ ನೇರ ಮತವಿಲ್ಲ.

ಇಲ್ಲಿಯವರೆಗೆ ನಾಲ್ವರಾಗಿದ್ದಾರೆ: ಎಡ್ಮಂಡ್ ಹೊ, ಚುಯಿ ಸಾಯ್ ಒನ್, ಹೊ ಯಾಟ್ ಸೆಂಗ್, ಮತ್ತು 2024ರ ಡಿಸೆಂಬರ್ 20ರಿಂದ ಸಾಮ್ ಹೌ ಫಾಯ್. ಮೊದಲ ಮೂವರು ವ್ಯಾಪಾರಿ ಮನೆತನಗಳವರು. ಸಾಮ್ ಅದಕ್ಕೂ ಮೊದಲು ಮಕಾವಿನ ಅತಿ ಮೇಲಿನ ನ್ಯಾಯಾಲಯದ ಅಧ್ಯಕ್ಷರಾಗಿದ್ದವರು, ಗುವಾಂಗ್‌ಡಾಂಗ್‌ನಲ್ಲಿ ಹುಟ್ಟಿದವರು. ಮಕಾವಿನಲ್ಲಿ ಹುಟ್ಟದವರು ಈ ಹುದ್ದೆಗೆ ಬಂದದ್ದು ಅದೇ ಮೊದಲು. 2014, 2019, 2024 – ಮೂರೂ ಸಲ ಕಣದಲ್ಲಿ ಒಬ್ಬರೇ ಇದ್ದರು.

ಶಾಸನಸಭೆಗೆ ಜನ ಮತ ಹಾಕುತ್ತಾರಾ?

ಸ್ವಲ್ಪ ಭಾಗಕ್ಕೆ. ಒಟ್ಟು 33 ಸದಸ್ಯರು. ಅದರಲ್ಲಿ 14 ಜನರನ್ನು ಮಾತ್ರ ಮತದಾರರು ನೇರ ಆರಿಸುತ್ತಾರೆ. 12 ಜನರನ್ನು ವ್ಯಾಪಾರ, ಕಾರ್ಮಿಕ, ವೃತ್ತಿಪರ ಮುಂತಾದ ಸಂಘಗಳು ಕಳಿಸುತ್ತವೆ. 7 ಜನರನ್ನು ಮುಖ್ಯಸ್ಥರೇ ನೇಮಿಸುತ್ತಾರೆ. ಲೆಕ್ಕ ಹಾಕಿ ನೋಡಿ, ನೇರ ಗೆದ್ದವರೆಲ್ಲ ಒಂದಾದರೂ ಬಹುಮತವಿಲ್ಲ.

ಆದರೂ ಆ 14 ಸ್ಥಾನಗಳಲ್ಲಿ ಮೊದಲು ವಿರೋಧದ ದನಿ ಇತ್ತು. 2021ರಲ್ಲಿ 21 ಅಭ್ಯರ್ಥಿಗಳನ್ನು ನಿಷ್ಠೆ ಇಲ್ಲ ಅನ್ನುವ ಕಾರಣ ಕೊಟ್ಟು ಕಣದಿಂದ ತೆಗೆದರು. ಅವರಲ್ಲಿ ಪ್ರಜಾಪ್ರಭುತ್ವ ಪರರೇ ಹೆಚ್ಚು. ಮತ ಹಾಕಿದವರು ನೂರಕ್ಕೆ 42. ಆಮೇಲೆ ಕಾನೂನು ಬಿಗಿಯಾಯಿತು. ಈಗ ರಾಷ್ಟ್ರೀಯ ಭದ್ರತೆಯ ಸಮಿತಿಯೊಂದು ಅಭ್ಯರ್ಥಿಗಳನ್ನು ಸೋಸುತ್ತದೆ. ಅದರ ತೀರ್ಮಾನದ ಮೇಲೆ ಮೇಲ್ಮನವಿ ಇಲ್ಲ. 2025ರ ಚುನಾವಣೆಯಲ್ಲೂ 12 ಜನರನ್ನು ಹೊರಗಿಟ್ಟರು.

ಹಾಂಗ್‌ಕಾಂಗ್‌ನಂತೆ ಇಲ್ಲಿ ದೊಡ್ಡ ಚಳವಳಿ ಯಾಕೆ ಆಗಲಿಲ್ಲ?

ಒಂದೇ ಕಾರಣ ಹೇಳಿ ಮುಗಿಸುವವರನ್ನು ನಂಬಬೇಡಿ. 1966ರ ನಂತರ ಊರಿನ ಸಂಘಟನೆಗಳೆಲ್ಲ ಆಗಲೇ ಬೀಜಿಂಗ್ ಕಡೆ ವಾಲಿದ್ದವು. ಜನರಲ್ಲಿ ಬಹಳಷ್ಟು ಮಂದಿ ಗಡಿಯಾಚೆ ಹುಟ್ಟಿದವರು, ಅಲ್ಲಿ ಅಪ್ಪ, ಅಮ್ಮ, ನೆಂಟರು ಇದ್ದಾರೆ. ಹಾಂಗ್‌ಕಾಂಗ್‌ನ ಮೂಲ ಕಾನೂನಿನಲ್ಲಿ ಕೊನೆಗೆ ಎಲ್ಲರಿಗೂ ಮತದಾನ ಅನ್ನುವ ಗುರಿ ಬರೆದಿದೆ, ಮಕಾವಿನದರಲ್ಲಿ ಆ ಮಾತಿಲ್ಲ. ಕೇಳಲು ಹಿಡಿಯಬೇಕಾದ ಕಾಗದವೇ ಇಲ್ಲದ ಹಾಗೆ. ಹಾಂಗ್‌ಕಾಂಗ್‌ನಲ್ಲಿ 2003ರಲ್ಲಿ ಬೀದಿ ಹೋರಾಟಕ್ಕೆ ಮಣಿದು ಬಿಟ್ಟ ಭದ್ರತಾ ಕಾನೂನು ಮಕಾವಿನಲ್ಲಿ 2009ರಲ್ಲೇ ಜಾರಿಯಾಯಿತು.

ಹಾಗಂತ ಅಲ್ಲಿನವರು ಯಾವತ್ತೂ ಎದ್ದಿಲ್ಲ ಅನ್ನುವುದು ತಪ್ಪು. 2014ರ ಮೇ ತಿಂಗಳಲ್ಲಿ ದೊಡ್ಡ ಅಧಿಕಾರಿಗಳಿಗೆ ಭರ್ಜರಿ ನಿವೃತ್ತಿ ಸೌಲಭ್ಯ ಕೊಡುವ ಮಸೂದೆ ವಿರೋಧಿಸಿ ಸುಮಾರು 20 ಸಾವಿರ ಜನ ಬೀದಿಗೆ ಬಂದರು. ಆರು ಲಕ್ಷದ ಊರಿಗೆ ಅದು ಪ್ರವಾಹ. ಸರ್ಕಾರ ಮಸೂದೆ ವಾಪಸ್ ತೆಗೆದುಕೊಂಡಿತು. ಅಂಥ ಇನ್ನೊಂದು ದಿನ ಇವತ್ತಿನ ಮಕಾವಿನಲ್ಲಿ ಕಷ್ಟ. 1989ರಲ್ಲಿ ಬೀಜಿಂಗ್‌ನ ತಿಯಾನನ್‌ಮೆನ್ ಚೌಕದ ಪ್ರತಿಭಟನೆಯಲ್ಲಿ ಸತ್ತವರ ನೆನಪಿಗೆ ಸೆನಾಡೊ ಚೌಕದಲ್ಲಿ ವರ್ಷವೂ ಹಚ್ಚುತ್ತಿದ್ದ ಮೇಣದಬತ್ತಿಗೂ 2020ರಿಂದ ಅನುಮತಿ ಇಲ್ಲ.

ನ್ಯಾಯಾಲಯ, ಕಾನೂನು ಹೇಗಿವೆ?

ಪೋರ್ಚುಗಲ್ ಮಾದರಿಯ ಸಂಹಿತೆಗಳು. ಮೂರು ಹಂತದ ನ್ಯಾಯಾಲಯ, ಕೊನೆಯ ತೀರ್ಪು ಮಕಾವಿನಲ್ಲೇ. ಚೀನಾದಲ್ಲಿ ಮರಣದಂಡನೆ ಇದೆ, ಮಕಾವಿನಲ್ಲಿ ಇಲ್ಲ.

ಊರಿಗೆ ಮುನಿಸಿಪಾಲಿಟಿ ಇದೆಯಾ?

ಮೊದಲು ಎರಡಿದ್ದವು, ಈಗ ಇಲ್ಲ. ಕಸ, ಮಾರುಕಟ್ಟೆ, ಉದ್ಯಾನವನ್ನೆಲ್ಲ ಸರ್ಕಾರದ ಒಂದು ಸಂಸ್ಥೆ ನೋಡಿಕೊಳ್ಳುತ್ತದೆ. ಊರನ್ನು ಏಳು ಪ್ಯಾರಿಷ್‌ಗಳಾಗಿ (ಒಂದೊಂದು ಚರ್ಚಿನ ವ್ಯಾಪ್ತಿಯ ಹಾಗೆ) ಗುರುತಿಸುತ್ತಾರೆ. ಎಲ್ಲವೂ ಚರ್ಚಿನ ಹೆಸರುಗಳೇ, ಆದರೆ ಅವಕ್ಕೆ ಆಡಳಿತದ ಕೆಲಸವಿಲ್ಲ.

ಜೂಜಿನ ದುಡ್ಡು ಜನರಿಗೆ ತಲುಪುತ್ತದಾ?

ತಲುಪುತ್ತದೆ, ಬೇರೆಡೆಗಿಂತ ಜಾಸ್ತಿಯೇ. 1962ರಿಂದ ಸ್ಟಾನ್ಲಿ ಹೊ ಅವರ ಕಂಪನಿಗಿದ್ದ ಏಕಸ್ವಾಮ್ಯ 2002ರಲ್ಲಿ ಮುಗಿಯಿತು. ಹೊರಗಿನ ಕಂಪನಿಗಳು ಬಂದವು. 2006ರಲ್ಲಿ ಆದಾಯದಲ್ಲಿ ಲಾಸ್ ವೇಗಸ್ಸನ್ನು ಮಕಾವು ದಾಟಿತು. ಈಗ ಆರು ಪರವಾನಗಿದಾರರು. ಗಳಿಕೆಯ ಸುಮಾರು ನೂರಕ್ಕೆ 40 ಭಾಗ ಸರ್ಕಾರಕ್ಕೆ. ಒಳ್ಳೆಯ ವರ್ಷಗಳಲ್ಲಿ ಸರ್ಕಾರದ ಆದಾಯದ ನೂರಕ್ಕೆ 80ರಷ್ಟು ಬರುವುದು ಇದರಿಂದಲೇ.

ಆ ದುಡ್ಡಿನಿಂದ 15 ವರ್ಷದ ಉಚಿತ ಶಿಕ್ಷಣ ಇದೆ. 2008ರಿಂದ ಪ್ರತಿ ವರ್ಷ ಜನರ ಕೈಗೆ ನೇರ ಹಣ ಕೊಡುತ್ತಾರೆ, ಕಾಯಂ ನಿವಾಸಿಗೆ ಇತ್ತೀಚೆಗೆ 10,000 ಪಟಾಕ. ಕ್ಯಾಸಿನೊ ಮೇಜಿನ ಡೀಲರ್ ಕೆಲಸ ಸ್ಥಳೀಯರಿಗೇ ಮೀಸಲು. 21 ವರ್ಷ ತುಂಬದವರು ಒಳಗೆ ಕಾಲಿಡುವಂತಿಲ್ಲ.

ಆದರೆ ಒಂದೇ ಕಾಲಿನ ಮೇಲೆ ನಿಂತ ಊರು ಇದು. ಕೊರೊನಾ ಬಂದು ಗಡಿ ಮುಚ್ಚಿದಾಗ 2020ರಲ್ಲಿ ಅರ್ಥವ್ಯವಸ್ಥೆ ಅರ್ಧಕ್ಕೂ ಕೆಳಗೆ ಕುಸಿಯಿತು. ಕೂಡಿಟ್ಟ ಹಣ ಇದ್ದದ್ದರಿಂದ ಬಚಾವಾದರು.

ಜಾಗ ಇನ್ನೂ ಸಾಲದಿದ್ದರೆ ಏನು ಮಾಡುತ್ತಾರೆ?

ಪಕ್ಕದ ಹೆಂಗ್‌ಚಿನ್ ದ್ವೀಪದ ಕಡೆ ನೋಡುತ್ತಾರೆ. ಅದು ಝುಹಾಯ್‌ಗೆ ಸೇರಿದ್ದು, ಮಕಾವಿನ ಮೂರು ಪಟ್ಟು ದೊಡ್ಡದು. ಮಕಾವು ವಿಶ್ವವಿದ್ಯಾಲಯದ ಈಗಿನ ಆವರಣ ಅಲ್ಲೇ ಗುತ್ತಿಗೆ ನೆಲದ ಮೇಲಿದೆ. ಬೇಲಿಯೊಳಗೆ ಮಕಾವಿನ ಕಾನೂನು, ಹೊರಗೆ ಚೀನಾದ ಕಾನೂನು. 2021ರಲ್ಲಿ ಇಡೀ ದ್ವೀಪವನ್ನು ಎರಡೂ ಕಡೆಯವರು ಸೇರಿ ನಡೆಸುವ ಸಹಕಾರ ವಲಯ ಮಾಡಿದರು. ಗಡಿ ಈಗ ನಿಧಾನವಾಗಿ ಮಸುಕಾಗುತ್ತಿದೆ.

2049ರಲ್ಲಿ ಏನಾಗುತ್ತದೆ?

ಮರಳಿದ ಮೇಲೆ 50 ವರ್ಷ ಬದುಕಿನ ರೀತಿ ಬದಲಾಗುವುದಿಲ್ಲ ಅಂತ ಬರೆದುಕೊಟ್ಟ ಮಾತು ಆ ವರ್ಷ ಮುಗಿಯುತ್ತದೆ. ನನ್ನ ಮಟ್ಟಿಗೆ ಬದಲಾವಣೆ ಆ ದಿನಕ್ಕೆ ಕಾಯುತ್ತಿಲ್ಲ. ಪಟಾಕ, ಸಂಹಿತೆ, ಎಡಬದಿ ಸಂಚಾರ ಹಾಗೇ ಉಳಿಯಬಹುದು. ಎದುರು ಮಾತಾಡುವ ಜಾಗ ಮಾತ್ರ ಈಗಾಗಲೇ ಕಿರಿದಾಗಿದೆ.

ಭಾರತದವರು ಹೋಗಬಹುದಾ?

ಹೋಗಬಹುದು. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ 30 ದಿನದವರೆಗೆ ವೀಸಾ ಬೇಡ. ಹಾಂಗ್‌ಕಾಂಗ್ ಮೂಲಕ ಹೋಗುವುದಾದರೆ ಅಲ್ಲಿಗೆ ಮೊದಲೇ ಆನ್‌ಲೈನ್ ನೋಂದಣಿ ಮಾಡಿಸಿಕೊಳ್ಳಬೇಕು. ಹೊರಡುವ ಮುನ್ನ ನಿಯಮ ಬದಲಾಗಿದೆಯಾ ಅಂತ ಒಮ್ಮೆ ನೋಡಿಕೊಳ್ಳಿ. ಹಾಂಗ್‌ಕಾಂಗ್‌ನಿಂದ ದೋಣಿಯಲ್ಲಿ ಒಂದು ಗಂಟೆ, ಇಲ್ಲವೇ 2018ರಲ್ಲಿ ತೆರೆದ 55 ಕಿಲೋಮೀಟರ್ ಸೇತುವೆ-ಸುರಂಗದ ಮೇಲೆ ಬಸ್ಸು.

ಒಂದೇ ದಿನ ಇದ್ದರೆ ಏನು ನೋಡಲಿ?

ಪ್ರಾಯ ಗ್ರಾಂದೆ ಬೀದಿಯಲ್ಲಿ ನಡೆಯಿರಿ. ಆ ಹೆಸರಿನ ಅರ್ಥ ದೊಡ್ಡ ಕಡಲತೀರ. ಹಳೆಯ ಚಿತ್ರಗಳಲ್ಲಿ ಇಲ್ಲಿ ಬಿಲ್ಲಿನಂತೆ ಬಾಗಿದ ಕೊಲ್ಲಿ, ದಡದಲ್ಲಿ ಸಾಲು ಮನೆಗಳು, ಎದುರಿಗೆ ಹಡಗುಗಳು. ಈಗ ಬ್ಯಾಂಕುಗಳು, ಬಸ್ಸುಗಳು. ಕೊಲ್ಲಿಯ ಉಳಿದ ಭಾಗವನ್ನು 1990ರ ದಶಕದಲ್ಲಿ ಕಟ್ಟೆ ಹಾಕಿ ಕೆರೆ ಮಾಡಿದ್ದಾರೆ. ಆಮೇಲೆ ತೈಪಾಕ್ಕೆ ಹೋಗಿ. ಅಲ್ಲಿ ಐದು ಹಸಿರು ಬಣ್ಣದ ಹಳೇ ಪೋರ್ಚುಗೀಸ್ ಮನೆಗಳು ಸಾಲಾಗಿವೆ. ಅವುಗಳ ಮುಂದಿನ ದಾರಿಯ ಹೆಸರೂ ಕಡಲತೀರದ ದಾರಿ. ಜಗಲಿಯ ಮುಂದೆ ಈಗ ತಾವರೆ ಬೆಳೆದ ಜವುಗು, ಅದರಾಚೆ ಕೊತಾಯ್‌ನ ಹೋಟೆಲುಗಳು. ಸಮುದ್ರ ನೋಡಲೆಂದು ಕಟ್ಟಿದ ಮನೆಗಳವು.